29 ಅಂಕ ಬಂದಿದೆ, ಹಾಗಾದರೆ ನನಗೆ ಆಟಿಸಂ ಇಲ್ವಾ?

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಸುಮಾ ಅವರಿಗೆ 37 ವರ್ಷ. ಮಗನಿಗೆ ಆಟಿಸಂ ಇದೆ ಎಂದು ಗೊತ್ತಾದ ಮೇಲೆ ಅದರ ಬಗ್ಗೆ ಓದತೊಡಗಿದರು. ಓದಿದಷ್ಟೂ ಇದು ತನ್ನದೇ ಕಥೆ ಅನ್ನಿಸಿತು. ಇದು ಅಪರೂಪವೇನಲ್ಲ. ಮಗುವಿನ ತಪಾಸಣೆಯ ಹೊತ್ತಿಗೆ ಎಷ್ಟೋ ತಂದೆತಾಯಂದಿರು ತಮ್ಮನ್ನೂ ಹೊಸದಾಗಿ ನೋಡಿಕೊಳ್ಳುತ್ತಾರೆ. ಸುಮಾ ಎಕ್ಯೂ (AQ) ಪ್ರಶ್ನಾವಳಿ ತುಂಬಿದರು. ವಯಸ್ಕರಲ್ಲಿ ಆಟಿಸಂನ ಲಕ್ಷಣಗಳು ಎಷ್ಟಿವೆ ಎಂದು ಅಂಕದಲ್ಲಿ ಅಳೆಯುವ ಪ್ರಶ್ನಾವಳಿ ಇದು. 29 ಬಂತು. ಗಡಿ 32.

"ಹಾಗಾದ್ರೆ ನನಗೇನೂ ಇಲ್ಲ ಮೇಡಂ. ನಾನೇ ಸರಿ ಇಲ್ಲ, ಅಷ್ಟೆ," ಅಂದರು.

ಒಂದು ಅಂಕ ಯಾರಿಂದಲೂ ಇಂಥ ಮಾತು ಆಡಿಸಬಾರದು.

ಎಕ್ಯೂವನ್ನು ಕೇಂಬ್ರಿಜ್‌ನ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು 2001ರಲ್ಲಿ ಹೊರತಂದರು. ಅದರಲ್ಲಿ 50 ಹೇಳಿಕೆಗಳಿವೆ. ಆ ಮೊದಲ ಅಧ್ಯಯನದಲ್ಲೇ ಆಟಿಸಂ ಇದ್ದವರಲ್ಲಿ ಸುಮಾರು 80% ಜನ 32 ಅಥವಾ ಅದಕ್ಕಿಂತ ಹೆಚ್ಚು ಪಡೆದಿದ್ದರು. ಅಂದರೆ ಐವರಲ್ಲಿ ಒಬ್ಬರು ಗಡಿಯ ಕೆಳಗೇ ಇದ್ದರು, ಅಲ್ವಾ? ಇದನ್ನು ಕೇಳಿ ಸುಮಾ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಆಮೇಲೆ ಇಬ್ಬರೂ ಕೂತು ಉತ್ತರಗಳನ್ನು ಒಂದೊಂದಾಗಿ ನೋಡಿದೆವು. ನನಗೆ ಮುಖ್ಯವಾದದ್ದು ಇದೇ. ನಾಲ್ಕು ಜನ ಸೇರಿದ ಕಡೆ ಬೆರೆಯುವುದು ಸುಲಭ ಎಂಬ ಹೇಳಿಕೆಗೆ ಅವರು ಒಪ್ಪಿದ್ದರು. ಹೇಗೆ ಸುಲಭ ಎಂದು ಕೇಳಿದೆ. ಹೋಗುವ ಮೊದಲೇ ಕೇಳಬೇಕಾದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾರಂತೆ. ಯಾವಾಗ ನಗಬೇಕು ಎಂಬುದನ್ನು ಸಹೋದ್ಯೋಗಿಯೊಬ್ಬರನ್ನು ನೋಡಿ ಕಲಿತರಂತೆ. ಮನೆಗೆ ಬಂದ ಮೇಲೆ ದೀಪ ಆರಿಸಿ, ಯಾರ ಹತ್ತಿರವೂ ಮಾತಾಡದೆ ಮಲಗುತ್ತಾರೆ. ಪ್ರಶ್ನಾವಳಿ ಕೇಳಿದ್ದು ಸುಲಭವೋ ಅಲ್ಲವೋ ಅಂತ ಮಾತ್ರ. ಅದಕ್ಕೆ ಅವರು ತೆತ್ತ ಬೆಲೆ ಏನು ಅಂತ ಕೇಳಲಿಲ್ಲ. ಹೀಗೆ ಮರೆಮಾಚಿ ಬದುಕುವುದನ್ನು ಅಳೆಯಲೆಂದೇ 2019ರಲ್ಲಿ ಕ್ಯಾಟ್-ಕ್ಯೂ ಎಂಬ 25 ಹೇಳಿಕೆಗಳ ಪ್ರಶ್ನಾವಳಿ ಬಂದಿದೆ.

ಹಾಗಂತ ಅಂಕ ಜಾಸ್ತಿ ಬಂದರೆ ಆಟಿಸಂ ಖಚಿತ ಅಂತಲೂ ಅಲ್ಲ. ಜನ ಏನಂದುಕೊಳ್ಳುತ್ತಾರೋ ಎಂಬ ಭಯಕ್ಕೆ ಒಬ್ಬರು ಸಮಾರಂಭ ತಪ್ಪಿಸುತ್ತಾರೆ. ಗದ್ದಲ ತಡೆಯಲಾಗದೆ ಇನ್ನೊಬ್ಬರು ತಪ್ಪಿಸುತ್ತಾರೆ. ಹಾಳೆಯಲ್ಲಿ ಇಬ್ಬರ ಗುರುತೂ ಒಂದೇ. ಅದಕ್ಕೇ ಸುಮಾ ಅವರ ಆತಂಕ, ನಿದ್ದೆ, ಮನಸ್ಸಿನ ಕುಗ್ಗುವಿಕೆಯ ಬಗ್ಗೆಯೂ ವಿಚಾರಿಸಿದೆ. ಮಗನ ಚಿಂತೆಯಲ್ಲಿ ನಿದ್ದೆ ಕೆಟ್ಟಿತ್ತು. ಆದರೆ ಅವರು ಹೇಳಿದ ಕಷ್ಟಗಳು ಶಾಲೆಯ ದಿನಗಳಿಂದಲೂ ಇದ್ದವು.

ನಾನು ಹೇಳಿದ್ದಿಷ್ಟು. ಮತ್ತೆ ಮತ್ತೆ ಅದೇ ಪ್ರಶ್ನಾವಳಿ ತುಂಬಬೇಡಿ, ಅದರಿಂದ ಗೊಂದಲ ಜಾಸ್ತಿಯಾಗುತ್ತದೆ. ಅದರ ಬದಲು ಉತ್ತರದ ಪಕ್ಕ ಒಂದೊಂದು ನಿಜವಾದ ಘಟನೆ ಬರೆಯಿರಿ. ಚಿಕ್ಕವರಿದ್ದಾಗ ಹೇಗಿದ್ದಿರಿ ಎಂದು ಅಮ್ಮನನ್ನು ಕೇಳಿ. ಬಾಲ್ಯದ ವಿವರ ಇಲ್ಲದೆ ಈ ತಪಾಸಣೆ ಪೂರ್ತಿಯಾಗುವುದು ಕಷ್ಟ. ಎರಡನ್ನೂ ತೆಗೆದುಕೊಂಡು, ವಯಸ್ಕರ ಆಟಿಸಂ ತಪಾಸಣೆಯಲ್ಲಿ ಅನುಭವ ಇರುವ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕಾಣಿ. ನಾನು ಆಪ್ತಸಲಹೆಗಾರ್ತಿ, ಆ ತೀರ್ಮಾನ ನನ್ನದಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ಶಬ್ದ ತಡೆಯಲು ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಲು, ಸಮಾರಂಭದಿಂದ ಬೇಗ ಹೊರಡಲು, "ಇವತ್ತು ಸುಸ್ತಾಗಿದೆ, ಸುಮ್ನೆ ಇರ್ತೀನಿ" ಎಂದು ಗಂಡನಿಗೆ ಹೇಳಲು ಯಾವ ಸರ್ಟಿಫಿಕೇಟೂ ಬೇಡ. ಇವನ್ನು ಈ ವಾರವೇ ಶುರು ಮಾಡಿ.

ಸುಮಾ ಶುರು ಮಾಡಿದ್ದಾರೆ. ತಪಾಸಣೆ ಇನ್ನೂ ನಡೆಯುತ್ತಿದೆ.