ಕೆನಡಾದ ಲೇಕ್ ಲೂಯಿಸ್ ಸರೋವರಕ್ಕೆ ಆ ಹೆಸರು ಯಾರಿಂದ ಬಂತು?

ವಿಕ್ಟೋರಿಯಾ ರಾಣಿಯ ನಾಲ್ಕನೆಯ ಮಗಳು ಲೂಯಿಸ್ ಕ್ಯಾರೊಲಿನ್ ಆಲ್ಬರ್ಟಾಳಿಂದ. ಆಕೆಯ ಪತಿ ಮಾರ್ಕ್ವಿಸ್ ಆಫ್ ಲೋರ್ನ್ 1878ರಿಂದ 1883ರವರೆಗೆ ಕೆನಡಾದ ಗವರ್ನರ್ ಜನರಲ್ ಆಗಿದ್ದರು.

ಹಿಮನದಿ ಅರೆದ ಕಲ್ಲಿನ ಹುಡಿ ತೇಲುವುದರಿಂದ ಹಸಿರುನೀಲಿಯಾಗಿ ಹೊಳೆಯುವ ಈ ಸರೋವರ, ರಾಕಿ ಪರ್ವತಗಳ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿದೆ. 1882ರಲ್ಲಿ, ರೈಲುಹಳಿ ಹಾಕುವ ತಂಡಕ್ಕೆ ಸಾಮಾನು ಸಾಗಿಸುತ್ತಿದ್ದ ಟಾಮ್ ವಿಲ್ಸನ್‌ಗೆ ಗುಡುಗಿನಂಥ ಸದ್ದು ಕೇಳಿತು. ಅದು ಸರೋವರದ ಮೇಲಿನ ಬೆಟ್ಟದಲ್ಲಿ ಹಿಮ ಕುಸಿಯುವ ಸದ್ದು ಎಂದು ಹೇಳಿ, ಅಲ್ಲಿಗೆ ಕರೆದೊಯ್ದವನು ಸ್ಟೋನಿ ನಕೋಡ ಜನಾಂಗದ ಮಾರ್ಗದರ್ಶಿ. ಆ ಜನ ಅದನ್ನು ‘ಪುಟ್ಟ ಮೀನುಗಳ ಸರೋವರ’ ಎನ್ನುತ್ತಿದ್ದರು. ಹಾಗಾಗಿ ವಿಲ್ಸನ್ ಅದನ್ನು ‘ಕಂಡುಹಿಡಿದ’ ಎನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ಅವನು ಬಣ್ಣ ನೋಡಿ ‘ಎಮರಾಲ್ಡ್ ಲೇಕ್’ ಎಂದು ಕರೆದ, ಅದೂ ಉಳಿಯಲಿಲ್ಲ. 1884ರಲ್ಲಿ ರಾಜಕುಮಾರಿಯ ಹೆಸರು ಬಂತು. ಎಮರಾಲ್ಡ್ ಎಂಬ ಹೆಸರು ಈಗ ಪಕ್ಕದ ಯೋಹೊ ಉದ್ಯಾನದ ಇನ್ನೊಂದು ಸರೋವರಕ್ಕಿದೆ.

ಲೂಯಿಸ್ ಬರೀ ಅರಮನೆಯ ಗೊಂಬೆಯಲ್ಲ, ನುರಿತ ಶಿಲ್ಪಿ. ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯ ಎದುರಿಗಿರುವ ವಿಕ್ಟೋರಿಯಾ ಪ್ರತಿಮೆ ಆಕೆಯೇ ಕಡೆದದ್ದು. ಸರೋವರವಿರುವ ಪ್ರಾಂತ್ಯದ ಹೆಸರು ಆಲ್ಬರ್ಟಾ ಕೂಡ ಆಕೆಯದೇ.