ನನ್ನ ಅಣ್ಣನ ಮಗ ಅಮೆರಿಕದ ಪೌರತ್ವ ಪಡೆದಿದ್ದಾನೆ, ಅವನ ಹತ್ತಿರ ಒಸಿಐ ಕಾರ್ಡ್ ಇದೆ. ಅವನು ಚಿಕ್ಕಬಳ್ಳಾಪುರದಲ್ಲಿ ಫ್ಲ್ಯಾಟ್ ಅಥವಾ ಜಮೀನು ಕೊಳ್ಳಬಹುದಾ?

ಫ್ಲ್ಯಾಟ್ ಕೊಳ್ಳಬಹುದು, ಕೃಷಿ ಜಮೀನು ಕೊಳ್ಳುವಂತಿಲ್ಲ. ನಿಮ್ಮ ಅಣ್ಣನ ಮಗನ ಹತ್ತಿರ ಒಸಿಐ ಕಾರ್ಡ್ ಇದೆ ಅಂದಿರಲ್ಲ, ದಾರಿ ಮಾಡಿಕೊಡುವುದು ಅದೇ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಸಿಗುವ ಕಾರ್ಡ್ ಅದು. ಅದಿಲ್ಲದೆ ಹೊರದೇಶದಲ್ಲೇ ನೆಲೆಸಿರುವ ವಿದೇಶಿಯರಿಗೆ ಸಾಮಾನ್ಯವಾಗಿ ಫ್ಲ್ಯಾಟೂ ಇಲ್ಲ.

ಇದನ್ನು ತೀರ್ಮಾನಿಸುವುದು ಫೆಮಾ, ಅಂದರೆ ವಿದೇಶಿ ವಿನಿಮಯದ ಕಾನೂನು. ಒಸಿಐ ಇರುವವರು ಮನೆ, ಅಂಗಡಿ ಕೊಳ್ಳಲು ಅದು ಬಿಡುತ್ತದೆ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್‌ಗೆ ಮಾತ್ರ ಬಿಡುವುದಿಲ್ಲ. 'ಈಗ ಯಾರು ಬೇಕಾದರೂ ಜಮೀನು ತಗೋಬಹುದು ಸಾರ್' ಅಂತ ಬ್ರೋಕರ್‌ ಹೇಳಿದರೆ ನಂಬಬೇಡಿ. 2020ರಲ್ಲಿ ಕರ್ನಾಟಕ ತೆಗೆದದ್ದು ರೈತರಲ್ಲದವರಿಗೆ ಇದ್ದ ತಡೆಯನ್ನು. ಫೆಮಾ ಕೇಂದ್ರದ ಕಾನೂನು, ಅದರ ತಡೆ ಹಾಗೇ ಇದೆ.

ಇನ್ನು ಫ್ಲ್ಯಾಟ್ ಅಂದರೆ ಬರೀ ಗೋಡೆ ಅಲ್ಲ, ಕೆಳಗಿನ ನೆಲದಲ್ಲೂ ಒಂದು ಪಾಲು ಬರುತ್ತದೆ ಅಲ್ವಾ? ಹಾಗಾಗಿ ಆ ನೆಲ ಕೃಷಿಯಿಂದ ವಸತಿಗೆ ಬದಲಾಗಿರಬೇಕು. ಡಿಸಿ ಕನ್ವರ್ಷನ್ ಆದೇಶ, ಅಂದರೆ ಈ ಬದಲಾವಣೆಗೆ ಜಿಲ್ಲಾಧಿಕಾರಿ ಕೊಡುವ ಆದೇಶ, ಕೇಳಿ ನೋಡಿ. ನಂದಿ ಬೆಟ್ಟದ ಸುತ್ತ 'ಫಾರ್ಮ್ ಪ್ಲಾಟ್' ಅಂತ ಯಾರಾದರೂ ತೋರಿಸಿದರೆ ಇನ್ನೂ ಜಾಸ್ತಿ ಹುಷಾರಾಗಿರಿ. ಪಹಣಿಯಲ್ಲಿ ಅದು ಇನ್ನೂ ಹೊಲವಾಗಿಯೇ ಇದ್ದರೆ, ಹೆಸರು ಎಷ್ಟು ಚೆನ್ನಾಗಿದ್ದರೂ ನಿಮ್ಮ ಅಣ್ಣನ ಮಗನಿಗೆ ಸಲ್ಲದು.

ಹಣ ಬ್ಯಾಂಕಿನ ಮೂಲಕವೇ ಹೋಗಬೇಕು: ಹೊರಗಿನಿಂದ ಬಂದದ್ದು, ಇಲ್ಲವೇ ಅವನ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯದ್ದು (ಹೊರದೇಶದಲ್ಲಿರುವವರು ಇಲ್ಲಿನ ಬ್ಯಾಂಕಿನಲ್ಲಿ ತೆರೆಯುವ ಖಾತೆಗಳಿವು). ತಾತನ ಜಮೀನಿನಲ್ಲಿ ಪಾಲು ಪಿತ್ರಾರ್ಜಿತವಾಗಿ ಬಂದರೆ ಅದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ.