'ಸಜೆಸ್ಟ್ ಯೂ ಟು' ತೆಗೀರಿ, ಗಿರಾಕಿಗೆ 'ಹ್ಯಾಡ್ ಬೆಟರ್' ಬರೀಬ್ಯಾಡ್ರಿ

ಬ್ಯಾಡಗಿ ಅಣ್ಣಾರ, ದುಬೈ ಪಾರ್ಟಿಗೆ ಕಳಿಸಾಕಂತ ನೀವು ಈ ಗುಂಪಿನ್ಯಾಗ ಹಾಕಿದ ಮೆಣಸಿನಕಾಯಿ ವ್ಯಾಪಾರದ ಇಂಗ್ಲಿಷ್ ಮೇಲ್ ಓದಿದೆ. ಮೂರು ಸಾಲು ಕಣ್ಣಿಗೆ ಚುಚ್ಚಿದವು. 'ವಿ ಸಜೆಸ್ಟ್ ಯೂ ಟು ಬುಕ್ ಡಬ್ಬಿ ನೌ' (ಡಬ್ಬಿ ಅಂದ್ರ ಬ್ಯಾಡಗಿ ಮೆಣಸಿನಕಾಯಿಯ ಒಂದು ಜಾತಿ), 'ಯೂ ಹ್ಯಾಡ್ ಬೆಟರ್ ಸೆಂಡ್ ದಿ ಅಡ್ವಾನ್ಸ್ ಬಿಫೋರ್ ಫ್ರೈಡೇ', 'ಪ್ಲೀಸ್ ಗಿವ್ ಅಸ್ ಯುವರ್ ಅಡ್ವೈಸಸ್'. ಕೆಳಗ ನಾಲ್ಕು ಮಂದಿ 'ಸೂಪರ್' ಅಂತ ಬರದಾರ. ಸೂಪರ್ ಅಲ್ರಿ. ನಾನೂ ಹಿಂಗ ಬರದಾಂವ, ಅದಕ್ಕ ಸುಮ್ನ ಕೂಡಾಕ ಆಗಲಿಲ್ಲ. ಕಳಿಸೂಕಿಂತ ಮೊದಲ ತಿದ್ದಿಕೊಳ್ರಿ.

ಸಜೆಸ್ಟ್ ಬೆನ್ನಿಗೆ ಮನುಷ್ಯಾನ್ನ ನಿಲ್ಲಿಸಿ 'ಟು' ಹಚ್ಚೂದು ಕನ್ನಡದಿಂದ ಬರೂ ತಪ್ಪು. 'ನಿಮಗ ಹೇಳ್ತೀನಿ', 'ನಿಮಗ ಸಲಹೆ ಕೊಡ್ತೀನಿ', 'ನಿಮಗ ಸೂಚಿಸ್ತೀನಿ', ಮೂರಕ್ಕೂ ನಮ್ದು ಒಂದ 'ನಿಮಗ'. ಇಂಗ್ಲಿಷ್‌ನಾಗ ಟೆಲ್ ಮತ್ತ ಅಡ್ವೈಜ್ ಮನುಷ್ಯಾನ್ನ ನೇರ ಹಿಡೀತಾವ: 'ಐ ಅಡ್ವೈಜ್ ಯೂ ಟು ವೇಟ್'. ಸಜೆಸ್ಟ್ ಹಿಡಿಯೂದು ಮಾಡೂ ಕೆಲಸಾನ್ನ. ಅದಕ್ಕ 'ಐ ಸಜೆಸ್ಟ್ ವೇಟಿಂಗ್' ಅನ್ರಿ, ಇಲ್ಲಾ 'ಐ ಸಜೆಸ್ಟ್ ದ್ಯಾಟ್ ಯೂ ವೇಟ್' ಅನ್ರಿ. ಮನುಷ್ಯಾನ್ನ ತರಲೇಬೇಕಂದ್ರ ಕಡೀಗೆ ತರ್ರಿ, 'ಟು' ಜೋಡಿ: 'ಐ ಸಜೆಸ್ಟೆಡ್ ಎ ಡೇಟ್ ಟು ಹಿಮ್'. ಈ ಗುಂಪಿನ್ಯಾಗ ದಿನಾ ಕಾಣೂ 'ಸಜೆಸ್ಟ್ ಮಿ ಎ ಗುಡ್ ಮೊಬೈಲ್' ಸಹಿತ ಇದ ರೋಗ. 'ಕ್ಯಾನ್ ಯೂ ಸಜೆಸ್ಟ್ ಎ ಗುಡ್ ಮೊಬೈಲ್' ಅಂದ್ರ ಸಾಕು, 'ಮಿ' ಬೇಕಾಗೂದs ಇಲ್ಲ. 'ಎಕ್ಸ್‌ಪ್ಲೇನ್ ಮಿ' ಅನ್ನೂದಕ್ಕೂ ಇದ ಔಷಧ: 'ಎಕ್ಸ್‌ಪ್ಲೇನ್ ಇಟ್ ಟು ಮಿ'.

ಇಲ್ಲೆ ಎರಡು ಎಚ್ಚರಿಕಿ. 'ಐ ಸಜೆಸ್ಟ್ ವೇಟಿಂಗ್' ಅಂದಾಗ ಯಾರು ಕಾಯಬೇಕು ಅನ್ನೂದು ಗೊತ್ತಾಗೂದಿಲ್ಲ. ನೀವು, ನಾವು, ಇಬ್ಬರೂ, ಏನರ ಆಗಬಹುದು. ವ್ಯಾಪಾರದ ಮೇಲ್‌ನಾಗ ಅದು ನಡಿಯೂದಿಲ್ಲ, 'ದ್ಯಾಟ್ ಯೂ' ಹಾಕಿ ಬರೀರಿ. ಇನ್ನ 'ಹಿ', 'ಶಿ' ಬಂದ್ರೂ ಕ್ರಿಯಾಪದಕ್ಕ 'ಎಸ್' ಹಚ್ಚಬ್ಯಾಡ್ರಿ: 'ವಿ ಸಜೆಸ್ಟ್ ದ್ಯಾಟ್ ಹಿ ವೇಟ್'. ಬ್ರಿಟಿಷರು 'ಹಿ ಶುಡ್ ವೇಟ್' ಅಂತನೂ ಅಂತಾರ, ಅದೂ ಸರಿ. ರೆಕಮಂಡ್ ಬಳಸೂದಿದ್ರ ವಸ್ತುವಿನ ಹೆಸರು ಹಾಕಿ ಮುಗಿಸ್ರಿ: 'ಫಾರ್ ಕಲರ್, ವಿ ರೆಕಮಂಡ್ ಡಬ್ಬಿ'. 'ರೆಕಮಂಡ್ ಯೂ ಟು' ಬ್ರಿಟಿಷ್ ಬರವಣಿಗ್ಯಾಗ ಅಲ್ಲಲ್ಲಿ ಸಿಗ್ತೈತಿ, ಆದ್ರ ಅದನ್ನ ರೂಢಿ ಮಾಡ್ಕೊಂಡ್ರ ಸಜೆಸ್ಟ್‌ಗೂ ಅದ ಬಾಯಿಗೆ ಬರ್ತೈತಿ.

ಈಗ ಎರಡನೇ ಸಾಲು. ಇದು ವ್ಯಾಕರಣದ ತಪ್ಪಲ್ಲ, ಅದಕ್ಕ ಹೆಚ್ಚು ಅಪಾಯ. ನಾವು 'ಶುಕ್ರವಾರದೊಳಗ ಕಳಿಸಿದ್ರ ಛಲೋರಿ' ಅಂತೀವಿ, ಮಾತು ಮೆತ್ತಗ. 'ಛಲೋ' ಅಂದ್ರ ಬೆಟರ್ ಅಂತ ಹಿಡದು 'ಹ್ಯಾಡ್ ಬೆಟರ್' ಬರೀತೀವಿ. ಓದಿದಾಂವಗ ಕೇಳೂದು 'ಕಳಸ್ರಿ, ಇಲ್ಲಂದ್ರ ನೋಡ್ಕೋರಿ' ಅಂತ. ಹ್ಯಾಡ್ ಬೆಟರ್ ಹಿಂದ ಯಾವಾಗಲೂ ಒಂದು 'ಇಲ್ಲಂದ್ರ' ಕುಂತಿರ್ತೈತಿ. ಅವ್ವ ಮಗನಿಗೆ, ಸಾಹೇಬ ಕೈಕೆಳಗಿನಾಂವಗ ಅಂದ್ರ ನಡೀತೈತಿ. ತನ್ನನ್ನೂ ಸೇರಿಸಿಕೊಂಡ್ರ ಮೆತ್ತಗಾಗ್ತೈತಿ: 'ವೀಡ್ (ವಿ ಹ್ಯಾಡ್) ಬೆಟರ್ ಲೀವ್', ಹೊಂಡೂಣ ನಡೀರಿ, ಇಲ್ಲಂದ್ರ ಚಿಗರಿ ಬಸ್ ತಪ್ತೈತಿ. ಗಿರಾಕಿಗೆ, ಬ್ಯಾಂಕ್ ಮ್ಯಾನೇಜರಗ, ಮಾಸ್ತರಗ ಒಟ್ಟ ಬ್ಯಾಡ. ಬಳಸೂದಿದ್ದಲ್ಲೆ ರೂಪ ಹಿಂಗ: 'ಹ್ಯಾಡ್' ಇದ್ರೂ ಅದು ಆಗಿಹೋದ ಮಾತಲ್ಲ, ಈಗಿಂದು. ಮುಂದ 'ಟು' ಬರೂದಿಲ್ಲ. 'ಬ್ಯಾಡ' ಅನ್ನಾಕ 'ಹ್ಯಾಡ್ ಬೆಟರ್ ನಾಟ್'. 'ದಿನಾ ನೀರು ಕುಡೀರಿ' ಅನ್ನೂ ಸಾಮಾನ್ಯ ಸಲಹೆಗೆ ಇದು ಬರೂದಿಲ್ಲ, ಅಲ್ಲೆ 'ಶುಡ್'. ಮಾತಿನ್ಯಾಗ 'ಹ್ಯಾಡ್' ಕೇಳಿಸೂದs ಇಲ್ಲ ಅನ್ನೂವಷ್ಟು ಸಣ್ಣಾಗ್ತೈತಿ. ಅದನ್ನ ಕೇಳಿ 'ಯೂ ಬೆಟರ್' ಅಂತ ಮೇಲ್‌ನಾಗ ಬರೀಬ್ಯಾಡ್ರಿ.

ಇನ್ನೊಂದು, ರೊಕ್ಕ ಕಳಸ್ರಿ ಅನ್ನೂದು ಸಲಹೆ ಅಲ್ಲ, ವಿನಂತಿ. 'ಕುಡ್ ಯೂ ಪ್ಲೀಸ್ ಸೆಂಡ್ ದಿ ಅಡ್ವಾನ್ಸ್ ಬೈ ಫ್ರೈಡೇ' ಅನ್ರಿ. 'ಬಿಫೋರ್ ಫ್ರೈಡೇ' ಅಂದ್ರ ಗುರುವಾರಕ್ಕ ಗಡುವು ಮುಗೀತು. ನಮ್ಮ 'ಶುಕ್ರವಾರದೊಳಗ'ಕ್ಕ ಸರಿಯಾಗಿದ್ದು 'ಬೈ'.

ಬಸ್‌ಸ್ಟ್ಯಾಂಡಿನ್ಯಾಗ ಸಿಗೂ ಅಗ್ಗದ ಪುಸ್ತಕದಾಗ 'ಬೇಕು ಅಂದ್ರ ಮಸ್ಟ್' ಅಂತ ಬರದಿರ್ತಾರ. ಅದನ್ನ ನಂಬಬ್ಯಾಡ್ರಿ. ನಮ್ಮ 'ಬೇಕು' ಒಂದ ಶಬ್ದದಾಗ ಮಸ್ಟ್, ಶುಡ್, ನೀಡ್ ಟು ಎಲ್ಲಾ ತುಂಬ್ಯಾವ. 'ಯೂ ಮಸ್ಟ್ ಪೇ' ಅಂದ್ರ ಹುಕುಂ. ಆದ್ರ 'ಯೂ ಮಸ್ಟ್ ಟ್ರೈ ಧಾರವಾಡ ಪೇಡಾ' ಅಂದ್ರ ಪ್ರೀತಿ. ತಿನ್ನೂದು, ನೋಡೂದು, ಮನಿಗೆ ಬರೂದು, ಅಂದ್ರ ಕೇಳಿದಾಂವಗ ಖುಷಿ ಆಗೂ ಕೆಲಸಕ್ಕ ಮಸ್ಟ್ ಮೆತ್ತಗ. ಅವನ ಖರ್ಚು, ಅವನ ಶ್ರಮ ಇದ್ದಲ್ಲೆ ಬಿರುಸು. ಅಲ್ಲೆ 'ಯೂ ಮೈಟ್ ವಾಂಟ್ ಟು' ಹಾಕ್ರಿ. ಬಿಸಿಲು ಕಾವಿಗೆ ಮೆಣಸಿನಕಾಯಿ ಬಣ್ಣ ಹೋಗ್ತೈತಲ್ಲ, ಅದಕ್ಕ 'ಯೂ ಮೈಟ್ ವಾಂಟ್ ಟು ಕೀಪ್ ಇಟ್ ಇನ್ ಕೋಲ್ಡ್ ಸ್ಟೋರೇಜ್'. 'ಇಟ್ಸ್ ವರ್ತ್ ಬುಕಿಂಗ್ ನೌ' ಸಹಿತ ಛಲೋ ಐತಿ, 'ವರ್ತ್' ಮುಂದ 'ಇಂಗ್' ರೂಪನ ಬರಬೇಕು. 'ಯೂ ಶುಡ್ ಹ್ಯಾವ್ ಬುಕ್ಡ್' ಮಾತ್ರ ಸಲಹೆ ಅಲ್ಲ, 'ಮಾಡಬೇಕಿತ್ತು' ಅನ್ನೂ ಬೈಗಳ. ಗಿರಾಕಿಗೆ ಅದೂ ಬ್ಯಾಡ.

'ಅಡ್ವೈಸಸ್' ಬಗ್ಗೆ ಹೆಚ್ಚು ಹೇಳೂದಿಲ್ಲ. ಅಡ್ವೈಸ್ ಎಣಿಸಾಕ ಬರೂದಿಲ್ಲ, ನೀರಿದ್ದಂಗ: 'ಸಮ್ ಅಡ್ವೈಸ್', 'ಎ ಪೀಸ್ ಆಫ್ ಅಡ್ವೈಸ್'. ಎಣಿಸಲೇಬೇಕಂದ್ರ 'ಎ ಫ್ಯೂ ಸಜೆಶನ್ಸ್'. ಇನ್ಫರ್ಮೇಶನ್, ಇಕ್ವಿಪ್‌ಮೆಂಟ್‌ಗೂ 'ಎಸ್' ಹಚ್ಚಬ್ಯಾಡ್ರಿ. ಆದ್ರ ಬ್ಯಾಂಕಿನಾವ್ರು ರೊಕ್ಕ ಬಂದ, ಹೋದ ತಿಳುವಳಿಕಿ ಪತ್ರಕ್ಕ ಪೇಮೆಂಟ್ ಅಡ್ವೈಸ್ ಅಂತಾರ. ಅದು ಕಾಗದ, ಎಣಿಸಬಹುದು, ಅಲ್ಲೆ 'ಅಡ್ವೈಸಸ್' ಸರಿ. ಅದನ್ನ ನೋಡಿ ತಪ್ಪಿಬಿದ್ದಿರಬೇಕು ನೀವು.

ಸ್ಪೆಲಿಂಗ್: 'ಅಡ್ವೈಸ್' ಅನ್ನೂ ನಾಮಪದಕ್ಕ 'ಸಿ', 'ಅಡ್ವೈಜ್' ಅನ್ನೂ ಕ್ರಿಯಾಪದಕ್ಕ 'ಎಸ್'. ಅಮೆರಿಕದಾಗೂ ಇದ. ಎರಡೂ ನಿಜವಾದ ಶಬ್ದ ಆಗಿದ್ದಕ್ಕ ಬರೇ ಸ್ಪೆಲಿಂಗ್ ನೋಡೂ ಕೀಬೋರ್ಡ್ ಕೆಂಪು ಗೆರಿ ಹಾಕೂದಿಲ್ಲ. ಅನ್ನೂವಾಗ ಕ್ರಿಯಾಪದದ ಕಡೀಗೆ ಬರೂದು ನಮ್ಮ 'ಜ' ಅಲ್ಲ. 'ಸ್' ಅಂತ ಉಸಿರು ಬಿಡ್ಕೋತ ಗಂಟಲು ಗುಂಯ್ ಅನ್ನಿಸ್ರಿ, ಬೆರಳಿಟ್ರ ನಡುಗೂದು ತಿಳೀತೈತಿ. ನಾಮಪದದಾಗ 'ವೈ' ಗಿಡ್ಡ, ಕ್ರಿಯಾಪದದಾಗ ಉದ್ದ.

ಫೋನ್‌ನಾಗ ಅನುವಾದದ ಆ್ಯಪ್ ಬಿಟ್ಟು ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಅಥವಾ ಲಾಂಗ್‌ಮನ್‌ದ ಕಲಿಯೂವರ ನಿಘಂಟು ತೆಗೀರಿ, ಪುಕಟ ಸಿಗ್ತಾವ. ಅರ್ಥ ಓದಿ ಮುಚ್ಚಬ್ಯಾಡ್ರಿ. ಅರ್ಥದ ಬಾಜೂಕ 'ಅನ್‌ಕೌಂಟೆಬಲ್' ಐತೇನು, ಕ್ರಿಯಾಪದದ ಮುಂದ 'ಡೂಯಿಂಗ್' ಬರ್ತೈತೋ 'ಟು ಡೂ' ಬರ್ತೈತೋ, ಅದನ್ನ ನೋಡ್ರಿ.

ಮೇಲ್‌ನ ಕಡೀಗೆ 'ವೈ ಡೋಂಟ್ ಯೂ ವಿಸಿಟ್ ಅಸ್' ಅಂತನೂ ಬರದೀರಿ. ಬಾಯಿಲೆ, ದನಿ ಇಳಿಸಿ ಅಂದ್ರ ಅದು ಬರ್ರೆಲಾ ಅಂದಂಗ. ಪರಿಚಯ ಇಲ್ಲದಾಂವ ಕಾಗದದ ಮ್ಯಾಲ ಓದಿದ್ರ 'ಯಾಕ ಬರೂದಿಲ್ಲ' ಅಂತ ತಕರಾರು ಮಾಡಿದಂಗ ಆಗ್ತೈತಿ. 'ಯೂ ಆರ್ ವೆಲ್ಕಮ್ ಟು ವಿಸಿಟ್ ಅಸ್' ಅಂತ ಬದಲಿಸಿ, ಪೂರಾ ಮೇಲ್ ಮತ್ತೊಮ್ಮೆ ಇಲ್ಲೇ ಹಾಕ್ರಿ, ಸಬ್ಜೆಕ್ಟ್ ಲೈನ್ ಸಹಿತ.